ಮುದುಕನಿಗೆ ಬಾಣಂತನ

ಮಾರ್ಚ್ ೩, ಭಾನುವಾರ

ಮುದುಕನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಕರೆತಂದೆ ಎನ್ನುವುದಕ್ಕಿಂತ ಬಿಡಿಸಿಕೊಂಡು ಬಂದೆ ಎನ್ನಬೇಕು. ಹುರಿದ ಬಾತುಕೋಳಿಗಳನ್ನು ಅಂಗಡಿಯ ಗಾಜಿನ ಹಿಂದೆ ಕೊಕ್ಕೆಗೆ ಸಿಕ್ಕಿಸುತ್ತಿದ್ದವನು ಎದೆ ಹಿಡಿದುಕೊಂಡು, ಎರಡು ಬಾತುಗಳ ಸಮೇತ ಕೆಳಗೆ ಬಿದ್ದಿದ್ದ. ಹೃದಯದ ನಾಳ ಕಟ್ಟಿಕೊಂಡಿತ್ತಂತೆ. ಮಣಿಕಟ್ಟಿನಿಂದ ತಂತಿ ತೂರಿಸಿ ಒಳಗೊಂದು ಸ್ಟೆಂಟ್ ಇಟ್ಟರು. ಅಲ್ಲಿಯವರೆಗೆ ಡಾಕ್ಟರುಗಳ ಮೇಲೆ ನನಗೆ ದೂರಿಲ್ಲ. ದೂರು ಅಲ್ಲಿಂದ ಮುಂದಕ್ಕೆ. ಎಚ್ಚರವಾದವನಿಗೆ ಮೊದಲು ಕೊಟ್ಟದ್ದು ಐಸ್ ತೇಲುವ ನೀರು. ಮಾರನೆಯ ದಿನ ಸ್ನಾನ ಮಾಡಿಸಿದರು, ತಲೆಗೂ. ಆಮೇಲೆ ಬೆನ್ನು ತೆರೆದ ಅಂಗಿ ತೊಡಿಸಿ ವರಾಂಡದಲ್ಲಿ ನಡೆಸಿದರು. ತಂತಿ ತೂರಿದರು, ಕೈ ತೊಳೆದರು, ಹಿಮದ ಗಾಳಿಗೆ ತಳ್ಳಿದರು.

ಈ ಹಿಮದ ದೇಶದ ಸ್ಕಾರ್ಬರೋದಲ್ಲಿ ಮೂವತ್ತು ವರ್ಷದಿಂದ ನಮ್ಮ ಚೀನೀ ಮನೆಗಳ ಬಾಣಂತನ ಮಾಡುತ್ತಿರುವವಳು ನಾನು. ಹೆರಿಗೆಯಾದ ಮನೆಗೆ ಹೋಗಿ ಒಂದು ತಿಂಗಳು ಅಲ್ಲೇ ಉಳಿದು, ತಾಯಿ ಕೂಸು ಇಬ್ಬರನ್ನೂ ಗಟ್ಟಿ ಮಾಡಿ ಬರುತ್ತೇನೆ. ನನ್ನ ಕೈಯಿಂದ ಎದ್ದ ಒಬ್ಬ ಬಾಣಂತಿಗೂ ಸೊಂಟ ಹಿಡಿದಿಲ್ಲ, ತಲೆಗೆ ಶೀತ ಇಳಿದಿಲ್ಲ. ಎಲ್ಲರಿಗೂ ನಾನೇ ಕಟ್ಟಿದ ಪ್ರಾಸ ಕಲಿಸುತ್ತೇನೆ: ತಣ್ಣೀರು ಬೇಡ, ತಲೆಸ್ನಾನ ಬೇಡ, ತೆರೆದ ಕಿಟಕಿ ಕಡೆ ನೋಡಲೂ ಬೇಡ. ಇಷ್ಟು ತಿಳಿದವಳು ಗಂಡನನ್ನು ಆ ಐಸ್ ಮಂದಿಯ ಮಾತಿಗೆ ಬಿಟ್ಟೇನೇ? ಇವತ್ತಿನಿಂದ ಅವನಿಗೂ ಒಂದು ತಿಂಗಳು ಪೂರ್ತಿ ಬಾಣಂತನ. ಉಣ್ಣೆ ಟೊಪ್ಪಿ ಹಾಕಿದೆ, ಎರಡು ಜೊತೆ ಕಾಲುಚೀಲ ಏರಿಸಿದೆ, ಕಿಟಕಿಯ ಸಂದಿಗೆಲ್ಲ ಟೇಪ್ ಅಂಟಿಸಿದೆ.

"ಲೇ ಮುದುಕಿ, ಹೆತ್ತಿರೋದು ಯಾರು?" ಎಂದ.

"ಹೆತ್ತವಳಿಗೇ ಒಂದು ತಿಂಗಳು ಬೇಕು. ಸತ್ತು ಬಂದವನಿಗೆ ಬೇಡ್ವಾ?"

ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಹೆದರಿದ್ದಾನೆ. ಹೆದರಿದ ರೋಗಿಯೇ ಒಳ್ಳೆಯ ರೋಗಿ.

ಈ ತಿಂಗಳ ನನ್ನ ಹೆರಿಗೆ ಮನೆಯನ್ನು ಪಾಂಗ್‌ಗೆ ಬಿಟ್ಟುಕೊಟ್ಟೆ. ಅವಳೂ ಇದೇ ಕೆಲಸದವಳು, ಅವಳ ಕೈಯ ಸಾರು ಬರೀ ನೀರು. ಏಪ್ರಿಲ್‌ನ ಮೌ ಮನೆಯ ಅವಳಿ ಹೆರಿಗೆ ಮಾತ್ರ ಯಾರಿಗೂ ಬಿಡುವುದಿಲ್ಲ. ಅಷ್ಟರಲ್ಲಿ ಮುದುಕನ ತಿಂಗಳು ತುಂಬುತ್ತದೆ.

ಮಾರ್ಚ್ ೬, ಬುಧವಾರ

ಆಸ್ಪತ್ರೆಯಿಂದ ಫೋನು. ಕ್ವಾನ್ ಅಂತೆ, ನರ್ಸ್ ಅಂತೆ. ಇಲ್ಲೇ ಹುಟ್ಟಿದವಳು. ಅಜ್ಜಿಯಿಂದ ಕಲಿತ ಕ್ಯಾಂಟನೀಸ್, ಐದು ವರ್ಷದ ಮಗುವಿನ ಭಾಷೆ.

"ಆಂಟಿ, ಅಂಕಲ್‌ಗೆ ಕ್ಲಾಸ್ ಇದೆ. ಹೃದಯದ ಕ್ಲಾಸ್. ಕಮ್ಯುನಿಟಿ ಹಾಲಲ್ಲಿ. ಮಂಗಳವಾರ, ಗುರುವಾರ. ಕೈ ಆಡಿಸೋದು, ಕಾಲು ಆಡಿಸೋದು. ನಮ್ಮ ಭಾಷೇಲೇ."

"ಅಂಕಲ್ ಮಲಗಿದಾರೆ."

"ಎದ್ದ ಮೇಲೆ ಮಾತಾಡ್ಲಾ?"

"ಎದ್ದ ಮೇಲೂ ಮಲಗಿರ್ತಾರೆ."

ಫೋನ್ ಇಟ್ಟೆ. ಒಡೆದ ಹೃದಯಕ್ಕೆ ಕುಣಿಸುವ ಕ್ಲಾಸು. ಇವರ ಮನೆಯಲ್ಲಿ ಹೊಲಿಗೆ ಹಾಕಿದ ಚೀಲಕ್ಕೆ ಮರುದಿನವೇ ಅಕ್ಕಿ ತುಂಬುತ್ತಾರೇನೋ.

ಶುಂಠಿ, ಕರಿ ವಿನೆಗರ್, ಹಂದಿ ಕಾಲು, ಮೊಟ್ಟೆ ಹಾಕಿ ದೊಡ್ಡ ಮಡಕೆಯಲ್ಲಿ ಕುದಿಸಿದೆ. ಮೇಲಕ್ಕೆ ಒಯ್ಯುವಾಗ ಮೆಟ್ಟಿಲ ನಡುವೆ ನಿಲ್ಲಬೇಕಾಯಿತು. ಮಡಕೆ ಭಾರ. ಹಳೇ ಮಣ್ಣಿನ ಮಡಕೆಗಳು ಹೀಗೆಯೇ, ಒಳಗಿರುವುದಕ್ಕಿಂತ ತಾವೇ ಹೆಚ್ಚು ತೂಗುತ್ತವೆ.

ಮಾರ್ಚ್ ೧೦, ಭಾನುವಾರ

ಮುದುಕ ನಾರುತ್ತಿದ್ದಾನೆ. ನಾರಲಿ. ಬಾಣಂತಿಯರೂ ನಾರುತ್ತಾರೆ. ಶುಂಠಿ ಕುದಿಸಿದ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆ, ತಲೆಗೆ ಮಾತ್ರ ನೀರು ಸೋಕಿಸಲಿಲ್ಲ. ತಲೆ ಕೆರೆದುಕೊಳ್ಳಲು ಚಾಪ್‌ಸ್ಟಿಕ್ ಕೇಳಿದ. ಕೊಟ್ಟೆ. ನಾನೇನು ರಾಕ್ಷಸಿಯೇ.

ಹಂದಿ ಕಾಲು ಮೂರು ಬಟ್ಟಲು ತಿಂದ. ಅವನು ಬಿಟ್ಟ ತೊಗಲನ್ನು ನಾನು ಮುಗಿಸಿದೆ. ಎಸೆಯುವುದು ನನ್ನಿಂದಾಗದು. ಆಮೇಲೆ ಎದೆಯುರಿ, ವಿನೆಗರ್ ಜಾಸ್ತಿಯಾಗಿರಬೇಕು. ಎಡಗಡೆಯ ದವಡೆಯೂ ಜುಮುಜುಮು. ಅದು ಚಳಿಗಾಲದ ಶುರುವಿನಿಂದ ಇರುವ ಹಲ್ಲುನೋವು, ಬರುತ್ತದೆ ಹೋಗುತ್ತದೆ, ಕರೆಯದೆ ಬರುವ ನೆಂಟನ ಹಾಗೆ.

ಸುದ್ದಿ: ನಾನು ಬಿಟ್ಟುಕೊಟ್ಟ ಮನೆಗೆ ಪಾಂಗ್ ಹೋಗಲೇ ಇಲ್ಲವಂತೆ. ಕೈ ಬಿಡುವಿಲ್ಲ ಎಂದಳಂತೆ. ಸೊಕ್ಕು. ನಮ್ಮ ಕೆಲಸದಲ್ಲಿ ಬಂದ ಮನೆ ಬಿಡುವವಳು ಒಂದೋ ನಿಜಕ್ಕೂ ಬಿಡುವಿಲ್ಲದವಳಾಗಿರಬೇಕು, ಇಲ್ಲ ಕಾಯಿಲೆಯವಳಾಗಿರಬೇಕು. ಕಾಯಿಲೆ ಎಂದರೆ ಕೆಲಸ ಮುಗಿಯಿತು. ಬಾಗಿಲಲ್ಲಿ ಕೆಮ್ಮಿದರೂ ತಿರುಗಿಸಿ ಕಳಿಸುತ್ತಾರೆ. ರೋಗದ ಹೆಂಗಸಿನ ನೆರಳು ಹಸುಗೂಸಿನ ಮೇಲೆ ಬೀಳಬಾರದು. ಅದು ಸರಿಯಾಗಿಯೇ ಇದೆ. ಪಾಂಗ್‌ಗೆ ಕಾಯಿಲೆ ಎಲ್ಲಿಂದ ಬರಬೇಕು, ಎಮ್ಮೆಯ ಹಾಗಿದ್ದಾಳೆ.

ಮಾರ್ಚ್ ೧೪, ಗುರುವಾರ

ಕ್ವಾನ್ ಮನೆಗೇ ಬಂದಳು. ಫೋನಿನಲ್ಲಿ ಆದ ಮರ್ಯಾದೆ ಸಾಲದೆಂದು ಮುಖಾಮುಖಿಯಾಗಿಯೂ ಮಾಡಿಸಿಕೊಂಡು ಹೋಗಲು ಬಂದಳು. ಬೂಟಿನಲ್ಲಿ ಹಿಮ, ಬಾಯಲ್ಲಿ ನಗು, ಬಗಲಲ್ಲಿ ಚೀಲ. ಟೊಪ್ಪಿ ಹಾಕಿ ಕಂಬಳಿ ಹೊದ್ದು ಬೆವರುತ್ತಿದ್ದ ಮುದುಕನನ್ನು ನೋಡಿ ಅವಳ ನಗು ಕರಗಿತು.

"ಆಂಟಿ, ಅಂಕಲ್‌ನ ಯಾಕೆ ಕಟ್ಟಿಹಾಕಿದೀರ?"

"ಕಟ್ಟಿಹಾಕಿಲ್ಲ. ಸುತ್ತಿದೀನಿ."

"ಹೃದಯ ಅಂದ್ರೆ ಮಾಂಸ ಅಲ್ವಾ ಆಂಟಿ. ಓಡಾಡಿದ್ರೆ ಗಟ್ಟಿ ಆಗತ್ತೆ."

"ಓಡಾಡಿದ ಕೋಳಿ ಮಾಂಸ ಗಟ್ಟಿ, ನನಗೂ ಗೊತ್ತು. ಆದ್ರೆ ಆ ಕೋಳಿಗೆ ಏನಾಗತ್ತೆ ಅಂತಾನೂ ಗೊತ್ತು."

ಮುದುಕ ಕಂಬಳಿಯೊಳಗೆ ನಕ್ಕ. ಯಾರ ಮಾತಿಗೆ ನಕ್ಕನೋ ಗೊತ್ತಾಗಲಿಲ್ಲ.

ಮಡಕೆಯ ಮುಚ್ಚಳ ತೆಗೆದು ನೋಡಿದಳು. ಉಪ್ಪು ಎಷ್ಟು, ಕೊಬ್ಬು ಎಷ್ಟು ಎಂದಳು. ನನ್ನ ಅಡುಗೆಮನೆಯಲ್ಲಿ ನಿಂತು, ನನ್ನ ಮಡಕೆಗೆ ಮೂಗು ತೂರಿಸಿ. ನಾನು ಅಳೆದು ಹಾಕುವುದಿಲ್ಲ, ತಿಳಿದು ಹಾಕುತ್ತೇನೆ ಎಂದೆ. ಹೋಗುವಾಗ ಚೀನೀ ಅಕ್ಷರದ ಒಂದು ಹಾಳೆ ಕೈಗಿತ್ತಳು. ಅದರಲ್ಲಿ ಎದೆ ಹಿಡಿದು ಬಗ್ಗಿದ ಗಂಡಸಿನ ಚಿತ್ರ. ಹಿಂದೆ ತಿರುಗಿಸಿ ನೋಡಿ ಆಂಟಿ, ಅಲ್ಲಿ ಹೆಂಗಸರ ಬಗ್ಗೆ ಇದೆ ಎಂದಳು.

"ಹೆಂಗಸರಿಗೆ ಅದೆಲ್ಲಿ ಬರತ್ತೆ? ನಮಗೆ ಬರೋದು ಗಂಡಂದಿರು ಮಾತ್ರ."

"ನಿಮ್ಮ ಬಿಪಿ ನೋಡ್ಲಾ? ಯಂತ್ರ ತಂದಿದೀನಿ."

"ನಾನು ರೋಗಿ ಅಲ್ಲ."

ಅವಳನ್ನು ಬಾಗಿಲಿಗೆ ಬಿಟ್ಟು ಬರುವಾಗ ಮೆಟ್ಟಿಲ ಮೇಲೆ ಸ್ವಲ್ಪ ಕೂತೆ, ಚಪ್ಪಲಿ ಸರಿಮಾಡಿಕೊಳ್ಳಲು. ಅದನ್ನೂ ಗಾಜಿನಾಚೆಯಿಂದ ನೋಡುತ್ತಿದ್ದಳು, ಹಾಳಾದವಳು. ಹಾಳೆಯ ಮೇಲೆ ಬೆಳ್ಳುಳ್ಳಿ ಸಿಪ್ಪೆ ಸುಲಿದು ಹಾಕಿ ಮಡಚಿ ಬಿಸಾಡಿದೆ. ಹಿಂದೆ ತಿರುಗಿಸಲಿಲ್ಲ.

ಮಾರ್ಚ್ ೧೯, ಮಂಗಳವಾರ

ಮುದುಕ ಬಿಳಿಚಿದ್ದಾನೆ, ಕಾಲು ಸಣ್ಣಗಾಗಿವೆ. ಸಾರು ಸಾಲುತ್ತಿಲ್ಲ. ಎಳ್ಳೆಣ್ಣೆ ಜಾಸ್ತಿ ಮಾಡಬೇಕು.

ನನಗೂ ಬಹಳ ಸುಸ್ತು. ಅವನ ಕೆಲಸವೇ ಕಾರಣ. ಮಲಗಿದರೆ ಉಸಿರು ಕಟ್ಟಿದ ಹಾಗಾಗುತ್ತದೆಂದು ಕುರ್ಚಿಯಲ್ಲೇ ಒರಗಿ ನಿದ್ದೆ ಮಾಡುತ್ತೇನೆ. ಕುರ್ಚಿ ಒಳ್ಳೆಯದು, ಅದು ಗೊರಕೆ ಹೊಡೆಯುವುದಿಲ್ಲ.

ಮಾರ್ಚ್ ೨೮, ಗುರುವಾರ

ಕಳ್ಳ. ಮಳ್ಳ. ನಂಬಿಕೆಗೆ ಮಣ್ಣು ಹಾಕಿದ ಸುಳ್ಳ.

ಮಾರುಕಟ್ಟೆಗೆ ಹೋದವಳು ಚೀಲ ಮರೆತು ಅರ್ಧ ದಾರಿಯಿಂದ ಮನೆಗೆ ಬಂದೆ. ಹಾಸಿಗೆಯಲ್ಲಿ ಕಂಬಳಿ ಇದೆ, ಟೊಪ್ಪಿ ಇದೆ, ಗಂಡನಿಲ್ಲ. ದಿಂಬು ಉದ್ದಕ್ಕಿಟ್ಟು ಮೇಲೆ ಹೊದಿಸಿದ್ದಾನೆ, ಸ್ಕೂಲು ತಪ್ಪಿಸುವ ಪೋರನ ಹಾಗೆ. ಗುರುವಾರ, ಕ್ಲಾಸಿನ ದಿನ ಎಂದು ನೆನಪಾಯಿತು. ಬಸ್ಸು ಹತ್ತಿದೆ.

ಕಮ್ಯುನಿಟಿ ಹಾಲಿನ ನೆಲಮಾಳಿಗೆ. ನಮ್ಮವರೇ ಮುದುಕರು ಮುದುಕಿಯರು ಸಾಲಾಗಿ ನಿಂತು ಬಣ್ಣದ ರಬ್ಬರ್ ಪಟ್ಟಿ ಎಳೆಯುತ್ತಿದ್ದರು, ನೂಡಲ್ ಅಂಗಡಿಯಲ್ಲಿ ಹಿಟ್ಟು ಎಳೆಯುವವರ ಹಾಗೆ. ಕ್ವಾನ್ ಮಗುವಿನ ಭಾಷೆಯಲ್ಲಿ ಎಣಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ನಮ್ಮ ಮುದುಕ. ಟೊಪ್ಪಿಯಿಲ್ಲ, ತಲೆ ತೊಳೆದಿದ್ದ, ಕೆನ್ನೆ ಕೆಂಪಗಿತ್ತು. ತಿಂಗಳು ತುಂಬುವ ಮೊದಲೇ. ಬಂದದ್ದು ಇದು ಮೊದಲ ಸಲವೂ ಅಲ್ಲ, ಪಟ್ಟಿ ಹಿಡಿದ ಕೈಯೇ ಹೇಳುತ್ತಿತ್ತು.

ಬಾಗಿಲ ಬಳಿ ಸ್ವೆಟರ್ ಹೆಣೆಯುತ್ತ ಕೂತಿದ್ದ ಹೆಂಗಸು ಗುರುತು ಹಿಡಿದಳು. ಲೋ ಅಂತ ಹೆಸರು.

"ಬಾಣಂತನದ ಕಿಯೂ ಅಕ್ಕ ಅಲ್ವಾ? ನಾನು ನಮ್ಮನೆಯವರ ಜೊತೆ ಬಂದಿದೀನಿ ಅಷ್ಟೇ, ನನಗೇನೂ ಇಲ್ಲ. ಜೂನ್‌ನಲ್ಲಿ ಮಗಳಿಗೆ ಹೆರಿಗೆ. ನೀವೇ ಬರಬೇಕು, ಇನ್ಯಾರನ್ನೂ ನಾನು ಮನೆಗೆ ಸೇರಿಸಲ್ಲ."

ಬರುತ್ತೇನೆ ಎಂದೆ. ಅಷ್ಟು ಸಿಟ್ಟಿನಲ್ಲೂ ಕೆಲಸ ಬಿಡುವವಳಲ್ಲ ನಾನು.

ಆಗ ಹಿಂದಿನ ಸಾಲಿನಲ್ಲಿ ಕಂಡಳು ಪಾಂಗ್. ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಎಮ್ಮೆ ಅಲ್ಲ, ಅರ್ಧ ಎಮ್ಮೆ. ಇಳಿದುಹೋಗಿದ್ದಾಳೆ. ನನ್ನನ್ನು ಕಂಡವಳೇ ಕೈ ಹಿಡಿದು ಕೋಟುಗಳನ್ನು ನೇತುಹಾಕುವ ಮೂಲೆಗೆ ಎಳೆದಳು.

"ಯಾರಿಗೂ ಹೇಳ್ಬೇಡ ಕಿಯೂ ಅಕ್ಕ. ನಿನ್ನ ಕಾಲು ಹಿಡೀತೀನಿ."

"ನಿನಗೇನಾಗಿದೆ?"

"ಹೋದ ಅಕ್ಟೋಬರ್‌ನಲ್ಲಿ ಆಗಿದ್ದು. ಹಾರ್ಟ್ ಅಟ್ಯಾಕು. ಎದೆ ನೋಯಲೇ ಇಲ್ಲ ನೋಡು. ದವಡೆ ನೋಯ್ತು, ಹಲ್ಲು ಅಂದ್ಕೊಂಡೆ. ಕೀಳಿಸಿಯೂಬಿಟ್ಟೆ. ಹಲ್ಲು ಹೋಯ್ತು, ನೋವು ಹೋಗಲಿಲ್ಲ."

"ನಿನಗೆ ಬುದ್ಧಿ ಇಲ್ಲ."

"ಇರಲಿಲ್ಲ. ಒಂದು ವಾರ ಮೆಟ್ಟಿಲು ಹತ್ತಕ್ಕಾಗಲಿಲ್ಲ, ವಯಸ್ಸಾಯ್ತು ಅಂದ್ಕೊಂಡೆ. ಗೊತ್ತಾದ್ರೆ ಯಾವ ಮನೇಲಿ ನನ್ನನ್ನ ಸೇರಿಸ್ತಾರೆ ಹೇಳು? ಅದಕ್ಕೇ ಬಿಡುವಿಲ್ಲ ಬಿಡುವಿಲ್ಲ ಅಂತ ಹೇಳ್ಕೊಂಡು ತಿರುಗ್ತಿದೀನಿ."

ಹಲ್ಲನ್ನೂ ಹೃದಯವನ್ನೂ ಬೇರೆ ಮಾಡಲು ಬಾರದವಳು ಇಷ್ಟು ವರ್ಷ ಕೂಸುಗಳನ್ನು ಹೇಗೆ ನೋಡಿಕೊಂಡಳೋ. ಯಾರಿಗೂ ಹೇಳುವುದಿಲ್ಲ ಎಂದೆ. ಎದುರಾಳಿಯಾದರೂ ಹೆಂಗಸು, ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಬೇಡ.

ಬಸ್ಸಿನಲ್ಲಿ ಮುದುಕನೊಡನೆ ಮಾತಾಡಲಿಲ್ಲ. ಅವನೇ ಶುರು ಮಾಡಿದ.

"ಹಾಸಿಗೇಲಿ ಬಿದ್ಕೊಂಡ್ರೆ ಎದೆ ಬಡಿತ ಒಂದೊಂದೂ ಕೇಳ್ಸತ್ತೆ ಕಣೇ. ಇದೇ ಕೊನೇದೇನೋ ಅನ್ಸತ್ತೆ. ಅಲ್ಲಿ ಕೈ ಆಡಿಸ್ವಾಗ ಕೇಳ್ಸಲ್ಲ."

"ಸತ್ತರೆ ಇನ್ನೂ ಕೇಳ್ಸಲ್ಲ."

"ಪಾಂಗ್ ಕಥೆ ಕೇಳಿದ್ಯಲ್ಲ."

"ಕೇಳಿದೆ."

"ನಿನ್ನ ದವಡೆ ಹೇಗಿದೆ?"

ಒಂದು ಸ್ಟಾಪ್ ಮೊದಲೇ ಇಳಿದು ನಡೆದುಬಂದೆ. ಇಳಿಯಬಾರದಿತ್ತು. ಗಾಳಿಗೆ ಎದುರಾಗಿ ನಡೆಯುವುದು, ಮೂರು ಕಡೆ ನಿಂತೆ. ಅವನು ಅಲ್ಲಿ ಮುಂದಿನ ಸ್ಟಾಪಿನಲ್ಲಿ ಕಾಯುತ್ತ ನಿಂತಿದ್ದ, ಟೊಪ್ಪಿಯಿಲ್ಲದೆ.

ಮಾರ್ಚ್ ೨೯, ಶುಕ್ರವಾರ

ಮಾತಿಲ್ಲ. ಸಾರು ಮಾಡಲಿಲ್ಲ. ಅವನೇ ಹಸಿರು ಸೊಪ್ಪು ಬೇಯಿಸಿದ, ಉಪ್ಪಿಲ್ಲ. ತಿಂದೆ, ಹಸಿವಾಗಿತ್ತು.

ಏಪ್ರಿಲ್ ೪, ಗುರುವಾರ

ತಿಂಗಳು ತುಂಬಿತು. ಮುದುಕ ಬದುಕಿದ್ದಾನೆ. ಕ್ವಾನ್ ಕ್ಲಾಸಿನಿಂದ ಎನ್ನುತ್ತಾಳೆ, ನಾನು ಬಾಣಂತನದಿಂದ ಎನ್ನುತ್ತೇನೆ. ಹೃದಯ ಯಾರ ಕಡೆಗೂ ಸಾಕ್ಷಿ ಹೇಳುವುದಿಲ್ಲ, ಜಾಣ.

ಮೌ ಮನೆಯಲ್ಲಿ ಅವಳಿಗಳು ಹುಟ್ಟಿದವು. ತಾಯಿ ಕಾ-ಯಾನ್ ನಾಳೆ ಮನೆಗೆ ಬರುತ್ತಾಳೆ, ನಾನೂ ನಾಳೆಯೇ ಅಲ್ಲಿಗೆ. ಬಟ್ಟೆ ತುಂಬುವಾಗ ಮುದುಕ ಬಾಗಿಲಿಗೆ ಅಡ್ಡ ನಿಂತ.

"ಹೋಗೋ ಮೊದಲು ಒಂದ್ಸಲ ಡಾಕ್ಟರ್ ಹತ್ರ ಹೋಗೋಣ."

"ಯಾಕೆ?"

"ಯಾಕೆ ಅಂತ ನಿನಗೇ ಗೊತ್ತು."

"ಡಾಕ್ಟರ್ ಏನಾದ್ರೂ ಬರೆದುಕೊಟ್ರೆ ಮೌ ಮನೆಯವರು ನನ್ನನ್ನ ಒಳಗೆ ಬಿಡ್ತಾರಾ? ಆಮೇಲೆ ನಾನು ಏನು ಮಾಡ್ಲಿ, ನಿನ್ನ ಜೊತೆ ರಬ್ಬರ್ ಎಳೀಲಾ?"

"ಎಳಿ. ಏನಾಗತ್ತೆ?"

"ಬಾತು ಅಂಗಡಿಯವನು ನೀನು, ಬಿದ್ದರೂ ಎದ್ದು ನಿಂತರೂ ಬಾತು ಮಾರಾಟ ಆಗತ್ತೆ. ನನ್ನದು ಹಾಗಲ್ಲ. ನನ್ನ ಕೆಲಸದಲ್ಲಿ ನನ್ನ ಮೈಯೇ ಅಂಗಡಿ."

ಸರಿದು ನಿಂತ. ಚೀಲ ತಾನೇ ಕೆಳಗೆ ಇಳಿಸಿಕೊಟ್ಟ. ನಿನ್ನ ಎದೆಗೆ ಭಾರ ಎಂದು ನಾನಂದರೆ, ನಿನ್ನದಕ್ಕಿಂತ ನನ್ನದು ಗಟ್ಟಿ ಎಂದ. ಅಹಂಕಾರ ನೋಡು. ಒಂದು ತಿಂಗಳು ಎತ್ತಿ ಸಾಕಿದವಳು ನಾನು.

ಏಪ್ರಿಲ್ ೧೩, ಶನಿವಾರ

ಎರಡು ಕೂಸು. ಒಂದು ಅಳುವಾಗ ಇನ್ನೊಂದು ಮಲಗುವುದಿಲ್ಲ. ಕಾ-ಯಾನ್ ಒಳ್ಳೆಯವಳು, ಹೇಳಿದ ಮಾತು ಕೇಳುತ್ತಾಳೆ, ಟೊಪ್ಪಿ ತೆಗೆಯುವುದಿಲ್ಲ. ಅವಳ ಅತ್ತೆ ನನ್ನ ಸಾರು ಹೊಗಳಿದಳು. ಎಲ್ಲ ಸರಿಯಾಗಿದೆ.

ಎಡಗೈಯಲ್ಲಿ ಕೂಸು ಹಿಡಿಯುತ್ತಿಲ್ಲ. ಬಲಗೈ ಇದೆ.

ಏಪ್ರಿಲ್ ೧೬, ಮಂಗಳವಾರ

ಆಸ್ಪತ್ರೆ. ಪೆನ್ನು ನರ್ಸಿನದು. ಅಕ್ಷರ ವಕ್ರವಾಗುತ್ತಿದೆ, ಅದಕ್ಕೆ ಪೆನ್ನೇ ಕಾರಣ.

ನಿನ್ನೆ ಬೆಳಿಗ್ಗೆ ಕಾ-ಯಾನ್‌ಗೆ ಮೈ ಒರೆಸಲು ಶುಂಠಿ ನೀರು ಕುದಿಯುತ್ತಿತ್ತು. ಚಿಕ್ಕ ಕೂಸು, ಹೆಣ್ಣು, ನನ್ನ ತೋಳಲ್ಲಿತ್ತು. ಇದ್ದಕ್ಕಿದ್ದಂತೆ ದವಡೆಯನ್ನು ಇಕ್ಕಳದಲ್ಲಿ ಹಿಡಿದು ತಿರುಚಿದ ಹಾಗಾಯಿತು. ಬೆವರು ಹರಿಯಿತು. ವಾಂತಿ ಬರುವ ಹಾಗೆ. ಕೂಸನ್ನು ಬಿಡಬಾರದೆಂದು ಬೀರುವಿಗೆ ಬೆನ್ನು ಕೊಟ್ಟು ನೆಲಕ್ಕೆ ಜಾರಿ ಕೂತೆ. ಪಕ್ಕದ ಕೋಣೆಯಲ್ಲಿ ಕಾ-ಯಾನ್ ಇದ್ದಳು. ಕರೆಯಲಿಲ್ಲ. ಏಪ್ರನ್ನಿನ ಜೇಬಿನಿಂದ ಫೋನ್ ತೆಗೆದು ಮುದುಕನಿಗೆ ಮಾಡಿದೆ.

"ಹಲ್ಲುನೋವಿಗೆ ಯಾವ ಗುಳಿಗೆ ಒಳ್ಳೇದು?" ಎಂದೆ.

"ಬೆವರ್ತಿದೀಯಾ?"

"ಒಲೆ ಮುಂದೆ ಇದೀನಿ."

"ಬೆವರು ಬಿಸಿ ಇದೆಯೋ ತಣ್ಣಗಿದೆಯೋ?"

"ತಣ್ಣಗೆ."

"ಕಿಯೂ." ಅವನು ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷವಾಯಿತೋ. "ಮನೇಲಿ ಯಾರಿದಾರೆ? ಕರಿ. ಆಂಬುಲೆನ್ಸ್ ಕರೆಸು."

"ಬಾಣಂತಿ ಒಬ್ಬಳೇ ಇದಾಳೆ. ಅವಳು ಹಾಸಿಗೆ ಬಿಟ್ಟು ಏಳಬಾರದು."

"ಕೂಸು ಎಲ್ಲಿದೆ?"

"ನನ್ನ ಕೈಯಲ್ಲಿ."

"ಬೀಳಿಸ್ತೀಯ ನೀನು. ಇನ್ನು ಸ್ವಲ್ಪ ಹೊತ್ತಿಗೆ ಬೀಳಿಸ್ತೀಯ."

ಅದೊಂದು ಮಾತು ಹೇಳಬಾರದಿತ್ತು ಅವನು. ಇಷ್ಟು ವರ್ಷದಲ್ಲಿ ಒಂದು ಕೂಸನ್ನೂ ಬೀಳಿಸಿದವಳಲ್ಲ ನಾನು. ಕಾ-ಯಾನ್‌ನ ಕೂಗಿದೆ. ಬರಿಗಾಲಲ್ಲಿ ಓಡಿಬಂದಳು. ಕಾಲುಚೀಲ ಹಾಕ್ಕೊಂಡು ಬಾ ಎಂದು ಬೈಯಲು ಹೋದೆ, ದನಿ ಬರಲಿಲ್ಲ. ಹೇಳಬೇಕಾದ ಬೇರೆ ಮಾತು ಒಂದಿತ್ತು, ಹೆರಿಗೆ ಮನೆಯಲ್ಲಿ ನಮ್ಮಂಥವರು ಆಡಬಾರದ ಮಾತು. ಆಡಿದೆ.

"ನನಗೆ ಹೃದಯದ ಕಾಯಿಲೆ. ಕೂಸು ತಗೋ."

ತೆಗೆದುಕೊಂಡಳು. ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಸ್ಪಿರಿನ್ ಅಗಿಯೋಕೆ ಹೇಳ್ತಿದಾರೆ ಆಂಟಿ, ಅಗೀರಿ ಎಂದು ಬಾಯಿಗಿಟ್ಟಳು. ಆಮೇಲೆ ಎರಡು ಬಾಗಿಲನ್ನೂ ಅಗಲಕ್ಕೆ ತೆರೆದು ಹೊಸಿಲಲ್ಲಿ ನಿಂತಳು, ಹೊಟ್ಟೆ ಹಿಡಿದುಕೊಂಡು, ಬರಿತಲೆಯಲ್ಲಿ. ಏಪ್ರಿಲ್‌ನ ಗಾಳಿ ನೆಟ್ಟಗೆ ಅಡುಗೆಮನೆವರೆಗೆ ಬಂತು. ನನ್ನ ಕೈಯ ಬಾಣಂತಿಗೆ ಗಾಳಿ ತಾಗಿದ್ದು ಇದೇ ಮೊದಲು.

ಇಲ್ಲಿ ಎರಡು ಸ್ಟೆಂಟ್ ಇಟ್ಟಿದ್ದಾರೆ. ಮುದುಕನಿಗೆ ಒಂದೇ. ಯಾವುದರಲ್ಲೂ ಅವನು ನನ್ನನ್ನು ಗೆದ್ದವನಲ್ಲ.

ನೋವು ಯಾವತ್ತಿಂದ ಎಂದು ಡಾಕ್ಟರ್ ಕೇಳಿದರು. ನಿನ್ನೆಯಿಂದ ಎಂದೆ. ಚಳಿಗಾಲದಿಂದ ಎಂದ ಮುದುಕ, ನನ್ನ ಮುಂದೆಯೇ. ಕೇಳದೆ ಉತ್ತರ ಕೊಡುವ ಚಾಳಿ.

ಕುಡಿಯಲು ಐಸ್ ನೀರು ಕೊಟ್ಟರು. ವಾಪಸ್ಸು ಕಳಿಸಿದೆ.

ಏಪ್ರಿಲ್ ೧೮, ಗುರುವಾರ

ಮೌ ಮನೆಯಿಂದ ನನ್ನ ಬಟ್ಟೆಯ ಚೀಲ ಬಂತು. ಕೆಳಗೆ ಕೌಂಟರಿನಲ್ಲೇ ಇಟ್ಟು ಹೋದರಂತೆ, ಮೇಲೆ ಬರಲಿಲ್ಲ. ಕಾ-ಯಾನ್‌ನ ಅತ್ತೆ ಅಪಶಕುನ ಕಳೆಯಲು ಮನೆಯೆಲ್ಲ ಚಕೋತ ಎಲೆಯ ನೀರು ಚಿಮುಕಿಸಿದಳಂತೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಬೇರೆ ಹೆಂಗಸನ್ನು ಗೊತ್ತು ಮಾಡಿದ್ದಾರೆ. ಅವಳ ಹೆಸರು ಕೇಳಲಿಲ್ಲ.

ಕಾ-ಯಾನ್‌ಗೆ ಶೀತವಾಯಿತೇ ಎಂದು ಮುದುಕನ ಕೈಯಲ್ಲಿ ಫೋನ್ ಮಾಡಿಸಿದೆ. ಇಲ್ಲವಂತೆ. ಹಾಲು ಚೆನ್ನಾಗಿದೆಯಂತೆ. ಕಾ-ಯಾನ್ ಗಟ್ಟಿ ಜೀವ, ಎಲ್ಲರಿಗೂ ಹಾಗಾಗುವುದಿಲ್ಲ.

ಮೇ ೯, ಗುರುವಾರ

ಹೋದೆ. ಒಂದು ಸಲ ಹೋಗಿ, ಅದು ಎಷ್ಟು ದಡ್ಡತನ ಎಂದು ತೋರಿಸಿ ಬರಬೇಕಿತ್ತು.

ಅದೇ ನೆಲಮಾಳಿಗೆ. ಮುದುಕ ಹೊಸ ಶೂ ಹಾಕಿಸಿದ್ದ, ಬಿಳಿಯದು. ನಮ್ಮಲ್ಲಿ ಬಿಳಿ ತೊಡುವುದು ಸಾವಿನ ಮನೆಗೆ ಎಂದರೆ, ಕಡಿಮೆ ಬೆಲೆಗೆ ಇದೊಂದೇ ಬಣ್ಣ ಸಿಕ್ಕಿದ್ದು ಎಂದ. ಕ್ವಾನ್ ರಬ್ಬರ್ ಪಟ್ಟಿ ಕೈಗೆ ಕೊಟ್ಟಳು, ನಗಲಿಲ್ಲ. ನಕ್ಕಿದ್ದರೆ ಅಲ್ಲಿಂದಲೇ ಹೊರಡುತ್ತಿದ್ದೆ, ಅವಳಿಗೆ ಗೊತ್ತಿತ್ತು ಅನಿಸುತ್ತದೆ.

ಹೊಸದಾಗಿ ಬಂದವರು ಎದ್ದು ನಿಂತು ಹೆಸರು ಹೇಳಬೇಕಂತೆ, ಏನಾಯಿತು ಹೇಳಬೇಕಂತೆ. ನನಗೂ ಮೊದಲು ಒಬ್ಬ ಗಂಡಸು ಎದ್ದು, ಸ್ವಲ್ಪ ಗ್ಯಾಸ್ ಆಗಿತ್ತು ಎಂದು ಕೂತ. ಅವನ ಎದೆಯ ಮೇಲೆ ಗಂಟಲಿನವರೆಗೆ ಕೊಯ್ದ ಗುರುತಿತ್ತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಬಳಿ ಲೋ, ಮಡಿಲಲ್ಲಿ ಉಣ್ಣೆ. ಇನ್ನೂ ನಾಲ್ಕಾರು ಮುಖ ಗುರುತು ಸಿಕ್ಕಿತು. ಇವರ ಸೊಸೆಯರಿಗೆ ಮಾಡಿದ್ದೇನೆ, ಹೆಣ್ಣುಮಕ್ಕಳಿಗೆ ಮಾಡುವುದಿದೆ.

ನಾನು ಬಾಯಿ ತೆರೆಯುವ ಮೊದಲೇ ಪಾಂಗ್ ಎದ್ದಳು.

"ಕಿಯೂ ಅಕ್ಕ ಅವರ ಯಜಮಾನ್ರು ಚೋಯ್ ಅಣ್ಣನ ಜೊತೆ ಬಂದಿದಾರೆ ಅಷ್ಟೇ. ಅವರಿಗೇನೂ ಇಲ್ಲ. ಕಬ್ಬಿಣದ ಹಾಗಿದಾರೆ."

ಹೇಳಿ ನನ್ನ ಕಡೆ ನೋಡಿದಳು. ಕೂತುಬಿಡು ಎಂದು ಕಣ್ಣಲ್ಲೇ ಹೇಳಿದಳು. ನನ್ನ ಜೂನ್ ತಿಂಗಳ ಕೆಲಸವನ್ನು ಅವಳು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆದರೆ ಆ ಎಮ್ಮೆಯ ಉಪಕಾರ ನನಗೇಕೆ?

"ನನಗೇ ಆಗಿದ್ದು," ಎಂದೆ. "ಹಾರ್ಟ್ ಅಟ್ಯಾಕು. ಕೂಸು ಕೈಯಲ್ಲಿದ್ದಾಗ. ಎದೆ ನೋಯಲಿಲ್ಲ. ದವಡೆ ನೋಯ್ತು, ಕೈ ಸೋತು ಹೋಯ್ತು, ತಣ್ಣಗೆ ಬೆವರು ಬಂತು. ತಿಂಗಳುಗಟ್ಟಲೆ ಹಲ್ಲು, ವಿನೆಗರ್, ಮಡಕೆ ಅಂತ ಕಥೆ ಕಟ್ಟಿದೆ. ಇನ್ನೇನಾದ್ರೂ ಬೇಕಾ?"

ಕ್ವಾನ್ ಎಣಿಸಲು ಶುರು ಮಾಡಿದಳು. ಪಟ್ಟಿ ಎಳೆದೆ. ಅವಳು ಎಣಿಸುವುದು ತೀರಾ ಬೇಗ, ಉಸಿರಿಗೂ ಎಣಿಕೆಗೂ ತಾಳವಿಲ್ಲ. ಮಂಗಳವಾರ ಒಂದು ಪ್ರಾಸ ಕಟ್ಟಿಕೊಂಡು ಹೋಗಿ ಕಲಿಸಬೇಕು, ಎಳೆಯುವಾಗ ಒಂದು ಸಾಲು, ಬಿಡುವಾಗ ಒಂದು ಸಾಲು. ಪಾಂಗ್ ನನ್ನ ಪಕ್ಕಕ್ಕೆ ಬಂದು ನಿಂತಳು. ಅವಳ ಪಟ್ಟಿಯ ಬಣ್ಣ ನನ್ನದಕ್ಕಿಂತ ಹೆಚ್ಚು ಬಲ ಇರುವವರದಂತೆ. ನೋಡೋಣ.

ಮುಗಿದ ಮೇಲೆ ಕೋಟು ತೆಗೆಯಲು ಹೋದಾಗ ಲೋ ಹಿಂದೆ ಬಂದಳು. ಬರುತ್ತಾಳೆಂದು ಗೊತ್ತಿತ್ತು.

"ಅಕ್ಕ, ತಪ್ಪು ತಿಳ್ಕೋಬೇಡಿ. ಜೂನ್‌ಗೆ... ಮಗಳು ಒಪ್ಪಲ್ಲ. ಹಸುಗೂಸಿನ ಮನೆ."

"ಸರಿ."

"ನಿಮ್ಮ ಮೇಲೆ ನನಗೆ ಗೌರವ ಇದೆ."

"ಸರಿ ಅಂದ್ನಲ್ಲ, ಹೋಗಿ."

ಹೋಗಲಿಲ್ಲ. ಉಣ್ಣೆಯ ಉಂಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಗಂಡ ಇನ್ನೂ ದೂರದಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದ. ದನಿ ತಗ್ಗಿಸಿ ಕೇಳಿದಳು:

"ಆ ಬೆವರು ಅಂದ್ರಲ್ಲ ಅಕ್ಕ. ಅದು ಸುಮ್ಮನೆ ಕೂತಿದ್ರೂ ಬರತ್ತಾ? ಹೆಣಿಗೆ ಹಾಕ್ತಾ ಕೂತಿದ್ರೂ?"

ಮುಖ ನೋಡಿದೆ. ಮೇಲ್ದುಟಿಯ ಮೇಲೆ ಹನಿಗಳು ಸಾಲುಗಟ್ಟಿದ್ದವು. ನೆಲಮಾಳಿಗೆ ತಣ್ಣಗಿತ್ತು.

ಅವಳ ಮಣಿಕಟ್ಟು ಹಿಡಿದೆ. ಈಗಷ್ಟೇ ನನ್ನ ಕೆಲಸ ಕಿತ್ತುಕೊಂಡ ಕೈ. ಹಿಡಿದುಕೊಂಡು ಕುರ್ಚಿಗೆ ಕೂರಿಸಿ ಕ್ವಾನ್‌ನ ಕೂಗಿದೆ. ಉಣ್ಣೆ ನೆಲಕ್ಕೆ ಬಿದ್ದು ಉರುಳಿತು. ಏನಿಲ್ಲ ಅಕ್ಕ, ನಾನು ನಮ್ಮನೆಯವರ ಜೊತೆ ಬಂದಿರೋದು ಅಷ್ಟೇ, ಎಲ್ಲರೂ ನೋಡ್ತಿದಾರೆ, ಕೈ ಬಿಡಿ ಎಂದಳು.

ಬಿಡಲಿಲ್ಲ.